ಅಪ್ಪನ ಅರ್ಧ ಕೇಜಿ

ಇನ್ಸ್‌ಪೆಕ್ಟರ್ ತೂಕದ ಕಲ್ಲನ್ನು ಬೋರಲು ಮಾಡಿದ. ತಳದ ಗುಳಿಯಲ್ಲಿ ಸೀಸ ಇರಬೇಕಾದ ಕಡೆ ಮೇಣ ಇತ್ತು.

"ಇದೇನು?"

"ಹಳೇ ಕಲ್ಲು ಸಾರ್. ಸವೆದಿರುತ್ತೆ."

"ಕಬ್ಬಿಣ ನಲವತ್ತೊಂದು ಗ್ರಾಂ ಸವೀಬೇಕಾದ್ರೆ ನಿಮ್ಮ ಮುತ್ತಾತನ ಕಾಲದಿಂದ ಎಲ್ಲರೂ ಸೇರಿ ಅದನ್ನ ನೆಕ್ಕಿರಬೇಕು."

ಒಣಹಣ್ಣಿನ ಅಂಗಡಿಯವನು ನಕ್ಕ. ತೂಕ ಅಳತೆಯ ಇನ್ಸ್‌ಪೆಕ್ಟರು ತಮಾಷೆ ಮಾಡಿದರೆ ನಗಬೇಕೆಂಬುದು ಅಂಗಡಿ ಇಟ್ಟ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಗು ಮುಗಿದ ಮೇಲೆ ಏನು ಮಾಡಬೇಕೆಂದು ಮಾತ್ರ ಅವನಿಗೆ ತೋಚಲಿಲ್ಲ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನಾಲ್ಕಾಗಿ ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

ತೂಕದ ಕಲ್ಲುಗಳ ಹೊಟ್ಟೆಯಲ್ಲೊಂದು ಗುಳಿ ಇರುತ್ತದೆ. ತೂಕ ಸರಿಯಾಗಿ ಕೂಡುವ ತನಕ ಅದರೊಳಗೆ ಸೀಸ ಹುಯ್ದು, ಸೀಸದ ಮೇಲೆ ಇಲಾಖೆಯ ಮುದ್ರೆ ಹೊಡೆಯುತ್ತಾರೆ. ಸೀಸ ಕೆರೆದು ತೆಗೆದು ಮೇಣ ತುಂಬಿ ಕರಿ ಬಳಿದರೆ ಮೇಲಿನಿಂದ ನೋಡುವವನಿಗೆ ಏನೂ ಗೊತ್ತಾಗುವುದಿಲ್ಲ. ಜನ ಕಲ್ಲನ್ನು ಮೇಲಿನಿಂದಲೇ ನೋಡುತ್ತಾರೆ. ಹನ್ನೊಂದು ವರ್ಷದಿಂದ ಇನ್ಸ್‌ಪೆಕ್ಟರ್ ಸಂಬಳ ತೆಗೆದುಕೊಳ್ಳುತ್ತಿರುವುದು ಕೆಳಗಿನಿಂದ ನೋಡುವುದಕ್ಕೆ.

"ನಮ್ಮಪ್ಪನೂ ಅಂಗಡಿ ಇಟ್ಟಿದ್ರು," ಎಂದ ಅವನು.

ಹಿಂದೆ ನಿಂತಿದ್ದ ಮುದ್ರೆಯವರು ಸದ್ದಿಲ್ಲದೆ ತುಟಿ ಆಡಿಸಿದರು. ಮುಂದಿನ ಮಾತು ಅವರಿಗೆ ಬಾಯಿಪಾಠ. ಮುದ್ರೆ ಹೊಡೆಯುವ ಕೆಲಸದಲ್ಲೇ ತಲೆ ನೆರೆತು, ಮುದ್ರೆಯವರು ಎಂದೇ ಕರೆಸಿಕೊಂಡು ಸ್ವಂತ ಹೆಸರು ಕಳೆದುಕೊಂಡು, ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ ಆಗಲಿರುವ ಮನುಷ್ಯ.

"ಮೂವತ್ತು ವರ್ಷ. ಒಂದು ಗ್ರಾಂ ಆಚೀಚೆ ಆಗಲಿಲ್ಲ. ತೂಗಿದ ಮೇಲೆ ಕೊಸರು ಬೇರೆ ಹಾಕೋರು."

"ದೊಡ್ಡ ಮನುಷ್ಯರು ಸಾರ್," ಎಂದ ಅಂಗಡಿಯವನು. ಆಮೇಲೆ ದನಿ ತಗ್ಗಿಸಿದ. "ಕೇಸು ಹಾಕಿ ಸಾರ್, ಬೇಡ ಅನ್ನಲ್ಲ. ಆದ್ರೆ ಸ್ವಲ್ಪ ಮೆಲ್ಲಗೆ ಮಾತಾಡಿ. ಮಗಳಿದ್ದಾಳೆ."

ಒಳಗಡೆ ಏಣಿಯ ಮೇಲೆ ನಿಂತು ಮಗಳು ಗಾಜಿನ ಭರಣಿಗಳನ್ನು ಜೋಡಿಸುತ್ತಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಅವನು ಅವಳನ್ನು ನೋಡಿದ. ಗಂಟಲು ಸರಿಮಾಡಿಕೊಂಡು ದನಿ ಏರಿಸಿದ.

"ಬರಕೊಳ್ಳಿ ಮುದ್ರೆಯವರೇ. ಅರ್ಧ ಕೇಜಿಗೆ ನಲವತ್ತೊಂದು ಗ್ರಾಂ ಕಡಿಮೆ. ಸೀಸ ತೆಗೆದು ಮೇಣ ತುಂಬಿದ್ದಾರೆ. ಬೇಕೂಂತಲೇ ಮಾಡಿದ್ದು."

ಏಣಿಯ ಮೇಲೆ ಭರಣಿಯೊಂದು ಅರ್ಧದಲ್ಲಿ ನಿಂತಿತು. ಹುಡುಗಿ ಇನ್ಸ್‌ಪೆಕ್ಟರನ್ನು ನೋಡಲಿಲ್ಲ. ಅಪ್ಪನನ್ನು ನೋಡಿದಳು. ಸಿಟ್ಟಿನಿಂದಲ್ಲ. ಬಸ್ಸಿನಲ್ಲಿ ಪಕ್ಕ ಕೂತವನನ್ನು, ಇವನು ಯಾವ ಸ್ಟಾಪಿನಲ್ಲಿ ಇಳಿಯುತ್ತಾನೋ ಎಂದು ನೋಡುತ್ತೇವಲ್ಲ, ಹಾಗೆ.

ಕಾಯಿದೆ ಕೊಡಬೇಕಾದದ್ದನ್ನು ಕೊಟ್ಟಾಗಿತ್ತು. ಮಗಳ ಈ ನೋಟ ಕೊಸರು, ಎಂದುಕೊಂಡ. ಸಮಾಧಾನವಾಯಿತು.

*

ಆಫೀಸಿನ ಕೋಣೆಯಲ್ಲಿ ಒಂದು ಕಿಟಕಿ, ಒಂದು ಫ್ಯಾನು, ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ. ಬೀರುವಿನಲ್ಲಿ ಮಖಮಲ್ಲಿನ ಗುಳಿಗಳಲ್ಲಿ ಮಲಗಿದ ಹಿತ್ತಾಳೆಯ ಮೂಲ ತೂಕಗಳು. ಅವನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಬೆವರು ಕೂಡ ತೂಕವೇ. ಸಭೆಗಳಲ್ಲಿ ಈ ಮಾತನ್ನು ಅವನು ಒಂದು ದೊಡ್ಡ ಸತ್ಯದಂತೆ ಹೇಳುತ್ತಿದ್ದ. ಕೇಳಿದವರು ತಲೆಯಾಡಿಸಿ, ಮನೆಗೆ ಹೋಗುವಾಗ ಅದೇ ಅಂಗಡಿಗಳಲ್ಲಿ ಅದೇ ಕಲ್ಲಿನಲ್ಲಿ ತೂಗಿಸಿಕೊಂಡು ಹೋಗುತ್ತಿದ್ದರು.

ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟದ್ದು ಅಪ್ಪನ ಅರ್ಧ ಕೇಜಿಯ ಕಲ್ಲು.

ಎರಡು ವರ್ಷದ ಹಿಂದೆ ಅಮ್ಮನಿಗೆ ಲಕ್ವ ಹೊಡೆದು, ಅಕ್ಕ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದಾಗ, ಅಡುಗೆಮನೆಯ ಸಾಮಾನು ಹಂಚುವ ಮಾತು ಬಂತು. ಅಕ್ಕ ಓವನ್ನು ತೆಗೆದುಕೊಂಡಳು. ಅವನು ಕಲ್ಲು ಕೇಳಿದ. "ಅದೊಂದೇ ಸಾಕಾ?" ಎಂದಿದ್ದಳು ಅಕ್ಕ. "ಸಾಕು," ಎಂದಿದ್ದ. ಬಂದವರಿಗೆಲ್ಲ ತೋರಿಸುತ್ತಿದ್ದ. ನಮ್ಮಪ್ಪನ ಅಂಗಡಿದು. ಬಂದವರು ಅದನ್ನು ಎತ್ತಿ ನೋಡಿ, ಗೌರವದಿಂದ ಕೆಳಗಿಡುತ್ತಿದ್ದರು. ಊರಿನ ಕಲ್ಲುಗಳನ್ನೆಲ್ಲ ಬೋರಲು ಮಾಡಿದವನು ಇದೊಂದನ್ನು ಮಾಡಿರಲಿಲ್ಲ. ಮೂಲ ತೂಕಗಳ ಬೀರು ಅಲ್ಲಿಂದ ಆರು ಹೆಜ್ಜೆ. ಮರೆತಿದ್ದನೇ ಎಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಯಾರೂ ಕೇಳಲಿಲ್ಲ.

ಮಧ್ಯಾಹ್ನ ಅಕ್ಕ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಊಟ ಆಯ್ತೇನೋ?"

"ಆಯ್ತು." ಆಗಿರಲಿಲ್ಲ. "ಅಮ್ಮ?"

"ನಾಲ್ಕು ದಿನ ಆಯ್ತು. ನೀರು, ಎರಡು ಚಮಚ ಹಾಲು, ಅಷ್ಟೇ. ಬಾಯಿಗೆ ಇಟ್ರೆ ಬೇಡ ಅಂತಾಳೆ. ಹೀಗೇ ಆದ್ರೆ ಸೋಮವಾರ ಮೂಗಿಗೆ ನಳಿಗೆ ಹಾಕ್ತೀವಿ ಅಂದ್ರು ಡಾಕ್ಟ್ರು." ಅಕ್ಕ ಕುರ್ಚಿ ಎಳೆದು ಕೂತಳು. "ಏನು ಬೇಕಮ್ಮಾ ಅಂದ್ರೆ, ಕೇಕು ಅಂತಾಳೆ. ಈ ವಾರದಲ್ಲಿ ಮೂರು ಸಲ ಮಾಡಿದೆ. ಮೂರು ಸಲವೂ ಒಂದು ಚೂರು ಬಾಯಿಗಿಟ್ಟು ಉಗಿದ್ಲು. ಇದಲ್ಲ. ಇದಲ್ಲ ಅಂತೆ! ಅದೊಂದು ಮಾತು ಮಾತ್ರ ಗಂಟೆ ಹೊಡೆದ ಹಾಗೆ ಹೇಳ್ತಾಳೆ."

ಡಬ್ಬಿ ತೆರೆದು ಮುಂದಕ್ಕೆ ತಳ್ಳಿದಳು. "ತಿನ್ನು."

ಕೇಕಿನ ನೆತ್ತಿ ಬಿರುಕು ಬಿಟ್ಟಿತ್ತು. ಬಾಯಿಗಿಟ್ಟ. ಕಿತ್ತಳೆ ಸಿಪ್ಪೆಯ ವಾಸನೆ ಅದೇ. ಉಳಿದದ್ದು ಬಾಯೊಳಗೆ ಮರಳಿನಂತೆ ಕೂತಿತು.

"ಚೆನ್ನಾಗಿದೆ."

"ಸುಳ್ಳು ಬೊಗಳಬೇಡ. ಗೋಡೆಗೆ ಹೊಡೆದ್ರೆ ಗೋಡೆ ಬೀಳುತ್ತೆ." ಅಕ್ಕ ಡಬ್ಬಿ ಮುಚ್ಚಿದಳು. "ಅಮ್ಮ ಬರೆಸಿದ ಹಾಗೇ ಮಾಡಿದೀನಿ ಕಣೋ. ಹಿಟ್ಟು ಒಂದು ಕಲ್ಲು, ಬೆಣ್ಣೆ ಒಂದು ಕಲ್ಲು, ಸಕ್ಕರೆ ಒಂದು ಕಲ್ಲು, ಮೊಟ್ಟೆ ಹತ್ತು. ನನ್ನ ಮಶೀನಲ್ಲಿ ಐನೂರು ಐನೂರು ಇಟ್ಟು ತೂಗಿದೀನಿ. ಒಂದು ಗ್ರಾಂ ಕೂಡ ಹೆಚ್ಚು ಕಮ್ಮಿ ಇಲ್ಲ. ನಿನ್ನೆ ಅಮ್ಮ ಕೈಯಲ್ಲಿ ಹೀಗೆ ಮಾಡಿದ್ಲು." ಅಂಗೈ ಮೇಲೆ ಮಾಡಿ, ಏನನ್ನೋ ತೂಗುವಂತೆ ಏರಿಸಿ ಇಳಿಸಿದಳು. "ಅಪ್ಪನ ಕಲ್ಲು ಕೇಳ್ತಿದ್ದಾಳೆ. ಅದನ್ನ ಕೊಡು."

"ಅಕ್ಕ, ಅದೂ ಅರ್ಧ ಕೇಜಿ, ನಿನ್ನ ಮಶೀನಿನ ಐನೂರೂ ಅರ್ಧ ಕೇಜಿ. ಎರಡೂ ಒಂದೇ."

"ಒಂದೇ ಆದ್ರೆ ಕೊಡೋಕೇನು ನಿಂಗೆ?"

ಅವನು ಕಲ್ಲಿನ ಮೇಲೆ ಕೈಯಿಟ್ಟ. ತೆಗೆಯಲಿಲ್ಲ.

"ಸಂಜೆ ನಾನೇ ತರ್ತೀನಿ."

"ಈಗಲೇ ಕೊಟ್ರೆ ಸಂಜೆಗೆ ಕೇಕು ಆಗಿರುತ್ತೆ."

"ಕೆಲಸ ಇದೆ. ತರ್ತೀನಿ ಅಂದ್ನಲ್ಲ."

ಅಕ್ಕ ಎದ್ದಳು. "ಅಪ್ಪನದು ಅಂದ್ರೆ ನಿಂಗೆ ಯಾವಾಗಲೂ ಒಂದು ಕೈ ಹೆಚ್ಚು. ಮುಟ್ಟಿದ್ರೆ ಸವೆದು ಹೋಗುತ್ತೆ ಅನ್ನೋ ಹಾಗೆ ಆಡ್ತೀಯ."

ಅವಳು ಹೋದ ಮೇಲೆ ಕಲ್ಲನ್ನು ಹತ್ತಿರ ಎಳೆದುಕೊಂಡ. ಆಮೇಲೆ ಬೆಳಿಗ್ಗೆ ಮಾಡಿದ್ದನ್ನೇ ಮಾಡಿದ. ಬೋರಲು ಮಾಡಿದ.

ಮೇಣ.

ಕಪ್ಪಾಗಿ ಗಟ್ಟಿಯಾದ ಮೇಣದ ನಡುವೆ, ಇಲಾಖೆಯ ಮುದ್ರೆ ಇರಬೇಕಾದ ಜಾಗದಲ್ಲಿ, ಯಾರದೋ ಹೆಬ್ಬೆರಳಿನ ಗುರುತು. ಸುಳಿಗಳು ಸ್ಪಷ್ಟವಾಗಿದ್ದವು.

ಗಾಜಿನ ಬಾಗಿಲು ತೆಗೆದು ಕಲ್ಲನ್ನು ತಕ್ಕಡಿಯ ತಟ್ಟೆಗಿಟ್ಟ. ಇನ್ನೊಂದು ತಟ್ಟೆಗೆ ಮೂಲ ತೂಕಗಳನ್ನು ಇಕ್ಕಳದಿಂದ ಒಂದೊಂದಾಗಿ ಇಳಿಸಿದ. ಮುಳ್ಳು ಆಚೆ ಈಚೆ ಆಡಿ ನಿಂತಿತು.

ನಾನೂರ ಮೂವತ್ತೇಳು.

"ಅಬ್ಬಾ, ಅರವತ್ಮೂರು ನುಂಗಿದಾನೆ!" ಹಿಂದಿನಿಂದ ಮುದ್ರೆಯವರ ದನಿ. ಕೈಯಲ್ಲಿ ಎರಡು ಲೋಟ ಟೀ. "ಬೆಳಗಿನೋನು ಇವನ ಮುಂದೆ ಎಳೆ ಮಗು. ಯಾವ ಅಂಗಡಿದು ಸಾರ್? ಬರೀಲಾ?"

ಮೇಜಿನ ಮೇಲಿನ ಕಾಗದಗಳು ಫ್ಯಾನಿನ ಗಾಳಿಗೆ ಒಂದೊಂದಾಗಿ ಎದ್ದು ನೆಲಕ್ಕೆ ಬೀಳತೊಡಗಿದವು. ಮುದ್ರೆಯವರು ಬೀಳುತ್ತಿದ್ದ ಕಾಗದಗಳನ್ನು ನೋಡಿದರು. ಅವುಗಳ ಮೇಲೆ ಇರಬೇಕಾಗಿದ್ದದ್ದು ಎಲ್ಲಿದೆ ಎಂದು ನೋಡಿದರು. ಲೋಟಗಳನ್ನು ಇಟ್ಟು, ಬಗ್ಗಿ ಕಾಗದ ಆಯತೊಡಗಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆಯ್ದರು.

"ಆ ಕಾಲ ಹಾಗಿತ್ತು ಸಾರ್," ಎಂದರು ನೆಲ ನೋಡುತ್ತಾ. "ನಾನು ಆಗ ಹೊಸಬ. ಇನ್ಸ್‌ಪೆಕ್ಟರು ಬರ್ತಾರೆ ಅನ್ನೋದು ಬೀದಿಗೆಲ್ಲ ಮುಂಚೇನೇ ಗೊತ್ತಾಗಿಬಿಡ್ತಿತ್ತು. ನಾವು ಈ ತುದೀಲಿ ಕಾಲಿಡೋ ಹೊತ್ತಿಗೆ ಆ ತುದಿಯ ಕಲ್ಲೆಲ್ಲ ಮನೆ ಸೇರಿರ್ತಿದ್ವು. ಸ್ಕೂಲ್ ಬ್ಯಾಗುಗಳಲ್ಲಿ. ಮಕ್ಕಳನ್ನ ಯಾರು ತಡೀತಾರೆ ಸಾರ್?"

ಟೀ ಆರುತ್ತಿತ್ತು.

ಬ್ಯಾಗಿನೊಳಗೆ ಆ ಕಲ್ಲು ಹೇಗೆ ಬಡಿಯುತ್ತಿತ್ತೆಂದು ಅವನ ಬೆನ್ನಿಗೆ ಇನ್ನೂ ಗೊತ್ತಿತ್ತು. ಓಡಿದರೆ ಸೊಂಟದ ಮೇಲಿನ ಮೂಳೆಗೆ, ನಡೆದರೆ ಸ್ವಲ್ಪ ಬಲಕ್ಕೆ. ಶಾಲೆ ಬಿಟ್ಟು ಅಂಗಡಿಗೆ ಬಂದರೆ, ಕೆಲವು ದಿನ ಅಪ್ಪ ಅದನ್ನು ಪುಸ್ತಕಗಳ ನಡುವೆ ಇಳಿಸಿ, ಕೆನ್ನೆ ತಟ್ಟುತ್ತಿದ್ದ. "ಅಮ್ಮನಿಗೆ ಕೊಡು. ಕೇಕ್ ಮಾಡ್ಬೇಕಂತೆ. ಎಲ್ಲೂ ನಿಲ್ಲಬೇಡ, ಓಡು."

ಓಡುತ್ತಿದ್ದ. ಕೇಕಿಗಾಗಿ ಯಾರು ಓಡುವುದಿಲ್ಲ?

ಅಮ್ಮ ಕಲ್ಲನ್ನು ನೋಡಿದ ಕೂಡಲೇ ಒಮ್ಮೆ ಬಾಗಿಲಾಚೆ ರಸ್ತೆ ನೋಡುತ್ತಿದ್ದಳು. ಆಮೇಲೆ ತೋಳು ಮಡಚಿ ಮೊಟ್ಟೆ ಒಡೆಯುತ್ತಿದ್ದಳು. ಹತ್ತು. ಅಕ್ಕ ಕಿತ್ತಳೆ ತುರಿಯುತ್ತಿದ್ದಳು, ಅವನು ಪಾತ್ರೆ ನೆಕ್ಕುತ್ತಿದ್ದ. ಕೇಕಿನ ದಿನಕ್ಕೆ ಮೊದಲೇ ಹೇಳಿ ಬರುವ ಅಭ್ಯಾಸ ಇರಲಿಲ್ಲ. ವರ್ಷದಲ್ಲಿ ಎರಡೋ ಮೂರೋ ಸಲ, ಯಾರ ಹುಟ್ಟಿದ ದಿನವೂ ಅಲ್ಲದ ದಿನ, ಸುಮ್ಮನೆ ಬರುತ್ತಿತ್ತು. ಸಂಜೆ ಅಪ್ಪ ಸಿಳ್ಳೆ ಹಾಕುತ್ತಾ ಮೆಟ್ಟಿಲು ಹತ್ತುತ್ತಿದ್ದ. ಇವತ್ತೇನಪ್ಪಾ ವಿಶೇಷ ಎಂದು ಅಕ್ಕ ಕೇಳಿದರೆ, "ನೀವಿದ್ದೀರಲ್ಲ, ಅದೇ ವಿಶೇಷ," ಎನ್ನುತ್ತಿದ್ದ. ಇಬ್ಬರನ್ನೂ ಎರಡು ತೊಡೆಯ ಮೇಲೆ ಕೂರಿಸಿಕೊಂಡು, ಯಾರು ಭಾರ ಎಂದು ತೂಗುವ ಆಟ ಆಡುತ್ತಿದ್ದ.

ಸುಖ ಎಂದರೆ ಕಾರಣವಿಲ್ಲದೆ ಬರುವುದು ಎಂದು ಅವನು ಅಲ್ಲಿಂದ ಕಲಿತಿದ್ದ. ಬೇರೆ ಪಾಠಗಳು ಮರೆತರೂ ಇದು ಮರೆತಿರಲಿಲ್ಲ. ಹೆಂಡತಿ ಬಿಟ್ಟುಹೋಗುವಾಗ, "ನಿಮ್ಮ ಮನೇಲಿ ಯಾವತ್ತೂ ಯಾರೂ ಸುಮ್ಮಸುಮ್ಮನೆ ನಗಲೇ ಇಲ್ವಾ?" ಎಂದು ಕೇಳಿದ್ದಳು. ಅವನು ಕೇಕಿನ ದಿನದ ಕತೆ ಹೇಳಿದ್ದ. ಕಣ್ಣು ತುಂಬಿಕೊಂಡು ಹೇಳಿದ್ದ.

ಇಲಾಖೆಯವರ ತಪಾಸಣೆಯ ದಿನದ ಕತೆ.

ಕೊಸರು ನೆನಪಾಯಿತು. ಅದರ ನೆನಪಿಗೇ ಹೆಚ್ಚು ಸಿಟ್ಟು ಬಂತು. ತೂಗಿ ಮುಗಿದ ಮೇಲೆ ಅಪ್ಪ ಹಿಡಿಯಷ್ಟು ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತರದಿಂದ ಪೊಟ್ಟಣಕ್ಕೆ ಸುರಿಯುತ್ತಿದ್ದ. "ಇರಲಿ ತಗೊಳ್ಳಿ, ಮಕ್ಕಳಿರೋ ಮನೆ." ಅರವತ್ಮೂರು ಗ್ರಾಂ ಕಿತ್ತುಕೊಂಡು ಹತ್ತು ಗ್ರಾಂ ಹಿಂದಕ್ಕೆ ಕೊಟ್ಟು, ಐವತ್ಮೂರು ಗ್ರಾಂ ಜೊತೆಗೆ ಮನುಷ್ಯರ ಕೃತಜ್ಞತೆಯನ್ನೂ ಮನೆಗೆ ತರುತ್ತಿದ್ದ. ಅದನ್ನು ತಿಂದು ಅವನು ಓದಿದ್ದ. ಡಿಗ್ರಿಯ ಮೇಲೆ ಡಿಗ್ರಿ. ಕೆಲಸಕ್ಕೆ ಆರಿಸುವಾಗ ಈ ಇಲಾಖೆಯೇ ಏಕೆ ಎಂದು ಕೇಳಿದವರಿಗೆ ನಮ್ಮಪ್ಪ ಎಂದು ಉತ್ತರ ಶುರುಮಾಡಿ, ಅವರನ್ನೂ ಅಳಿಸುವುದೊಂದು ಬಾಕಿ ಇಟ್ಟಿದ್ದ.

ಬೆಳಗಿನ ಅಂಗಡಿಯವನು ಕದ್ದದ್ದು ನಲವತ್ತೊಂದು.

"ಸಾರ್." ಮುದ್ರೆಯವರು ಬಾಗಿಲ ಬಳಿ ನಿಂತಿದ್ದರು. "ಸೀಸ ಕಾಯಿಸ್ಲಾ? ಐದು ನಿಮಿಷದ ಕೆಲಸ. ತುಂಬಿ ಮುದ್ರೆ ಹೊಡೆದ್ರೆ ಸರಿಯಾದ ಅರ್ಧ ಕೇಜಿ ಆಗುತ್ತೆ. ಮೊದಲಿಂದ ಹಾಗೇ ಇತ್ತು ಅನ್ಕೊಂಡ್ರೆ ಹಾಗೇ ಇತ್ತು."

ಅವನು ಯೋಚಿಸಿದ. ಸೀಸ ತುಂಬಿದರೆ ಅಪ್ಪ ಸರಿಹೋಗುತ್ತಾನೆ. ಆ ಕೇಕು ಬರುವುದಿಲ್ಲ, ಅಮ್ಮ ಉಪವಾಸ ಬೀಳುತ್ತಾಳೆ. ಸೋಮವಾರ ಮೂಗಿಗೆ ನಳಿಗೆ.

"ಬೇಡ," ಎಂದ.

*

ಅಕ್ಕನ ಮನೆಯ ಮುಂದಿನ ಕೋಣೆಯೇ ಭಾವನ ಟೈಲರ್ ಅಂಗಡಿ. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು ಭಾವ ಪ್ಯಾಂಟಿನ ತುದಿ ಮಡಚುತ್ತಿದ್ದ.

"ಬನ್ನಿ ಬನ್ನಿ ಇನ್ಸ್‌ಪೆಕ್ಟ್ರೇ. ಬೆಳಿಗ್ಗೆ ಯಾರ ಹೊಟ್ಟೆ ಮೇಲೆ ಹೊಡೆದ್ರಿ?"

"ಒಬ್ಬ ಒಣಹಣ್ಣಿನೋನು."

"ನನ್ನ ಟೇಪು ಯಾವಾಗ ನೋಡ್ತೀರಿ? ಎಳೆದೂ ಎಳೆದೂ ಅರ್ಧ ಇಂಚು ಉದ್ದ ಆಗಿದೆ. ಆದ್ರೆ ಇವತ್ತಿನವರೆಗೂ ಯಾರ ಪ್ಯಾಂಟೂ ಉದುರಿಲ್ಲ, ನೋಡಿ. ಯಾಕೆ ಹೇಳಿ? ಅಳೆಯೋದೂ ಅದೇ ಟೇಪು, ಕತ್ತರಿಸೋದೂ ಅದೇ ಟೇಪು." ಭಾವ ದಾರ ಕಚ್ಚಿ ಕತ್ತರಿಸಿದ. "ಟೇಪು ಬದಲಾಯಿಸಿದ ದಿನ ಊರೆಲ್ಲ ಬೆತ್ತಲೆ."

ಅವನು ನಗಲು ನೋಡಿದ. ಒಳಗೆ ಹೋದ.

ಅಮ್ಮ ಕಿಟಕಿಯ ಬಳಿ ಕುರ್ಚಿಯಲ್ಲಿ, ಶಾಲು ಹೊದ್ದು, ದಿಂಬಿಗೆ ಒರಗಿ ಕೂತಿದ್ದಳು. ಬಲಗೈ ಮಡಿಲಲ್ಲಿ ಬೇರೆಯವರ ಕೈಯಂತೆ ಬಿದ್ದಿತ್ತು. ಕೆನ್ನೆಗಳು ಒಳಗೆ ಹೋಗಿದ್ದವು. ಅವನು ಬ್ಯಾಗಿನಿಂದ ಕಲ್ಲು ತೆಗೆದು ಅವಳ ಮುಂದಿನ ಸ್ಟೂಲಿನ ಮೇಲಿಟ್ಟ.

"ನೋಡಮ್ಮಾ. ಏನು ತಂದಿದ್ದಾನೆ ನಿನ್ನ ಮಗ," ಎಂದಳು ಅಕ್ಕ.

ಅಮ್ಮ ನೋಡಿದಳು. ಎರಡು ವರ್ಷದಿಂದ ಅಷ್ಟು ಚುರುಕಾಗಿ ಅವಳ ಯಾವ ಅಂಗವೂ ಆಡಿರಲಿಲ್ಲ. ಎಡಗೈ ಶಾಲಿನೊಳಗಿಂದ ಹೊರಬಂದು ಕಲ್ಲನ್ನು ಎತ್ತಿ, ಮಡಿಲಿಗೆ ಎಳೆದುಕೊಂಡು, ಶಾಲು ಮುಚ್ಚಿತು. ಕತ್ತು ಬಾಗಿಲ ಕಡೆ ತಿರುಗಿತು. ಆಮೇಲೆ ಕಣ್ಣುಗಳು ಅವನ ಮೇಲೆ ಬಂದವು. ಅವನ ಷರಟಿನ ಜೇಬಿಗೆ ಚುಚ್ಚಿದ್ದ ಇಲಾಖೆಯ ಬಿಲ್ಲೆಯ ಮೇಲೆ ನಿಂತವು.

"ಬಂದ್ರಾ?" ಎಂದಳು.

"ಯಾರಮ್ಮಾ?" ಎಂದಳು ಅಕ್ಕ. "ಯಾರೂ ಬಂದಿಲ್ಲ. ಇವನೇ, ನಮ್ಮವನೇ." ಅವನ ಕಡೆ ತಿರುಗಿ ಪಿಸುಗುಟ್ಟಿದಳು. "ಹೀಗೇ, ಏನೇನೋ ಕೇಳ್ತಾಳೆ."

ಅವನು ಬಿಲ್ಲೆ ಕಳಚಿ ಜೇಬಿನೊಳಗೆ ಹಾಕಿಕೊಂಡ. ಅಮ್ಮನ ಮುಂದೆ ಮೊಣಕಾಲೂರಿ ಕೂತ. ನಿನಗೆ ಗೊತ್ತಿತ್ತಾ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಇನ್ನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಗೊತ್ತಿದ್ದರಿಂದಲೇ ಅವಳು ಪ್ರತಿಸಲವೂ ಕೇಕು ಮಾಡಿರಬೇಕು. ಕಲ್ಲನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟರೆ ಸಾಕಿತ್ತು. ಆದರೆ ಕೇಕ್ ಮಾಡ್ಬೇಕಂತೆ ಎಂದು ಅಪ್ಪ ಮಗನಿಗೆ ಹೇಳಿ ಕಳಿಸಿದ್ದ. ಮಗನಿಗೆ ಹೇಳಿದ್ದು ಸುಳ್ಳಾಗಬಾರದು.

ಒಂದು ಸುಳ್ಳನ್ನು ನಿಜ ಮಾಡುವುದಕ್ಕೆ ಹತ್ತು ಮೊಟ್ಟೆ.

"ಕೊಡಮ್ಮಾ," ಎಂದ. "ಕೇಕ್ ಮಾಡ್ಬೇಕಂತೆ."

ಅವಳು ಅವನನ್ನು ತುಂಬ ಹೊತ್ತು ನೋಡಿ, ಶಾಲು ಸರಿಸಿದಳು.

ಅಕ್ಕ ಹಳೆಯ ಕೈತಕ್ಕಡಿ ಹುಡುಕಿ ತಂದಳು. ಹಿಟ್ಟು ಒಂದು ಕಲ್ಲು, ಬೆಣ್ಣೆ ಒಂದು ಕಲ್ಲು, ಸಕ್ಕರೆ ಒಂದು ಕಲ್ಲು. ತೂಗಿ ಮುಗಿದ ಮೇಲೆ ಕಲ್ಲನ್ನು ಓವನ್ನಿನ ಪಕ್ಕಕ್ಕೆ ಸರಿಸಿದಳು. ಹತ್ತು ಮೊಟ್ಟೆ ಒಡೆದಳು. ಇಷ್ಟು ವರ್ಷದಲ್ಲಿ ಅಪ್ಪನ ಮನೆಯಲ್ಲಿ ತೂಕದ ಮೋಸ ತಟ್ಟದಿದ್ದದ್ದು ಮೊಟ್ಟೆಗೆ ಮಾತ್ರ. ಹತ್ತು ಎಂದರೆ ಹತ್ತು. ತೂಕ ಕದ್ದ ಹಿಟ್ಟಿಗೆ, ಕದ್ದ ಬೆಣ್ಣೆಗೆ, ಕದ್ದ ಸಕ್ಕರೆಗೆ ಆ ಹತ್ತು ಮೊಟ್ಟೆ ಹೆಚ್ಚಾಗಿ, ಕೇಕು ಹಗುರವಾಗುತ್ತಿತ್ತು. ಅಷ್ಟೇ ಗುಟ್ಟು. ಅಮ್ಮನ ಕೈಗುಣ ಎಂದು ನೆರೆಮನೆಯವರೆಲ್ಲ ಹೊಗಳುತ್ತಿದ್ದದ್ದು ಇಷ್ಟೇ.

ಬಾಗಿಲು ತೆಗೆದಾಗ ಕೇಕು ಅಚ್ಚಿನ ಅಂಚು ದಾಟಿ ಮೇಲೆದ್ದಿತ್ತು. ಅಕ್ಕ ಬೆರಳಿನಿಂದ ಒತ್ತಿದಳು. ಗುಳಿ ಬಿತ್ತು, ನಿಧಾನವಾಗಿ ಮೇಲೆದ್ದು ಬಂತು.

"ಅದೇ!" ಎಂದು ಕೂಗಿದಳು. "ಅದೇ ಕಣೋ! ರೀ, ಬನ್ನಿ ಇಲ್ಲಿ!"

ಭಾವ ಸೂಜಿಯೊಂದಿಗೇ ಓಡಿಬಂದ. ಅಮ್ಮನ ಬಾಯಿಗೆ ಮೊದಲ ತುಂಡು ಅಕ್ಕನೇ ಇಟ್ಟಳು. ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಅಮ್ಮನ ದವಡೆ ಒಮ್ಮೆ ಆಡಿತು. ನಿಂತಿತು. ಮತ್ತೆ ಆಡಿತು. ಗಂಟಲು ಏರಿ ಇಳಿಯಿತು. ಎಡಗಡೆಯ ತುಟಿ ಮಾತ್ರ ಮೇಲೆ ಹೋಗಿ ಅರ್ಧ ಮುಖ ನಕ್ಕಿತು. ಬಾಯಿ ತೆರೆದಳು. ಇನ್ನೊಂದು.

ಅಕ್ಕ ಅಳತೊಡಗಿದಳು. "ಮಾವ ಇದ್ದಿದ್ರೆ," ಎಂದ ಭಾವ, ಬಾಯಿ ತುಂಬ ಕೇಕು ಇಟ್ಟುಕೊಂಡು. "ಎಂಥ ಕೈ ಅವರದ್ದು. ಕಲ್ಲಲ್ಲೂ ಆ ಮನುಷ್ಯನ ನಿಯತ್ತು ಉಳಕೊಂಡಿದೆ ನೋಡಿ."

ಅವನೂ ತಿಂದ. ಬಾಯಿಗೆ ಇಟ್ಟ ಕೂಡಲೇ ಕರಗಿತು. ಮೆಟ್ಟಿಲ ಮೇಲೆ ಸಿಳ್ಳೆ ಕೇಳಿಸಿತು, ತೊಡೆಯ ಮೇಲೆ ಕೂತ ಹಾಗಾಯಿತು. ಹೇಸಿಗೆಯಾಗುತ್ತದೆಂದು ಕಾದ. ಆಗಲಿಲ್ಲ. ಎರಡನೆಯ ತುಂಡಿಗೆ ಕೈ ತಾನಾಗಿಯೇ ಹೋಯಿತು. ಅದಕ್ಕೆ ಮಾತ್ರ ತನ್ನ ಮೇಲೆ ಸಿಟ್ಟು ಬಂತು.

ಅಕ್ಕ ಕಣ್ಣೊರೆಸಿಕೊಂಡು ಹಾಳೆ, ಪೆನ್ನು ತಂದು ಅವನ ಮುಂದಿಟ್ಟಳು.

"ಬರಿ. ಕಲ್ಲುಗಿಲ್ಲು ಅಂತ ಬೇಡ, ಗ್ರಾಂನಲ್ಲಿ ಬರಿ. ಆಫೀಸಲ್ಲಿ ಇಟ್ಕೊಂಡೋನು, ನಿಖರವಾಗಿ ಗೊತ್ತಿರುತ್ತೆ ನಿಂಗೆ. ನನ್ನ ಮಗಳೂ ಅವಳ ಊರಲ್ಲಿ ಎರಡು ಸಲ ಮಾಡಿ ಬಿಸಾಕಿದ್ದಾಳೆ. ಫೋಟೋ ತೆಗೆದು ಕಳಿಸ್ತೀನಿ."

"ಕಲ್ಲು ಇಲ್ಲೇ ಇರಲಿ. ನೀನೇ ಇಟ್ಕೋ."

"ಕಲ್ಲನ್ನ ಫೋನಲ್ಲಿ ಕಳಿಸೋಕಾಗುತ್ತೇನೋ? ಅಮ್ಮ ಹೋದ ಮೇಲೆ, ನಾನೂ ಹೋದ ಮೇಲೆ, ಅವಳು ಯಾರನ್ನ ಕೇಳ್ತಾಳೆ? ಬರಿ."

ಮೊಟ್ಟೆ ಹತ್ತು, ಎಂದು ಬರೆದ.

"ಎಲ್ಲರೂ ಹಿಟ್ಟಿಂದ ಶುರು ಮಾಡ್ತಾರೆ," ಎಂದ ಭಾವ. "ಇವರು ಮೊಟ್ಟೆಯಿಂದ."

ಕಿತ್ತಳೆ ಒಂದು, ಸೋಡಾ ಒಂದು ಚಮಚ. ಬರೆಯುವುದಕ್ಕೆ ಸುಲಭವಾದದ್ದೆಲ್ಲ ಮುಗಿಯಿತು. ಹಿಟ್ಟು, ಬೆಣ್ಣೆ, ಸಕ್ಕರೆ, ತಲಾ, ಎಂದು ಬರೆದು ಪೆನ್ನು ನಿಲ್ಲಿಸಿದ.

ನಾನೂರ ಮೂವತ್ತೇಳು ಎಂದು ಬರೆದರೆ ಅಕ್ಕ ಮೊದಲು ನಗುತ್ತಾಳೆ. ಇದೆಂಥ ಲೆಕ್ಕವೋ, ಅರ್ಧ ಕೇಜಿ ಅಲ್ವಾ? ಆಮೇಲೆ ನಗು ನಿಲ್ಲುತ್ತದೆ. ಅವಳು ದಡ್ಡಿಯಲ್ಲ. ಕಲ್ಲನ್ನು ತಿರುಗಿಸುತ್ತಾಳೆ. ಆಮೇಲೆ ಗೋಡೆಯ ಮೇಲಿನ ಅಪ್ಪನ ಫೋಟೋವನ್ನು ಒಂದು ಥರ ನೋಡುತ್ತಾಳೆ. ಆ ನೋಟ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಏಣಿಯ ಮೇಲಿನ ಹುಡುಗಿಯಿಂದ ಅದನ್ನು ತಾನೇ ಮಾಡಿಸಿದ್ದ, ಗಂಟಲು ಸರಿಮಾಡಿಕೊಂಡು.

ಐನೂರು ಎಂದು ಬರೆದರೆ ಅದು ಸರಿಯಾದ ಅರ್ಧ ಕೇಜಿ. ಇಲಾಖೆ ಒಪ್ಪುವ ಅರ್ಧ ಕೇಜಿ. ಅಪ್ಪ ಗೋಡೆಯ ಮೇಲೆ ಹಾಗೇ ಇರುತ್ತಾನೆ. ಈ ಕೇಕು ಮಾತ್ರ, ಎಲ್ಲಿಯೂ, ಯಾರ ಓವನ್ನಿನಲ್ಲಿಯೂ, ಇನ್ನು ಮೇಲೇಳುವುದಿಲ್ಲ.

ಅಮ್ಮ ಅಗಿಯುವುದನ್ನು ನಿಲ್ಲಿಸಿ ಅವನ ಪೆನ್ನನ್ನೇ ನೋಡುತ್ತಿದ್ದಳು.

೫೦೦ ಗ್ರಾಂ, ಎಂದು ಬರೆದ. ಅಂಕಿಗಳು ಅಚ್ಚು ಹಾಕಿದಂತೆ ದುಂಡಗೆ ಬಂದವು. ಫ್ಯಾನಿನ ಗಾಳಿಗೆ ಹಾಳೆ ಎದ್ದಿತು. ಎರಡು ವರ್ಷದ ಅಭ್ಯಾಸ, ಕೈ ಓವನ್ನಿನ ಪಕ್ಕದಲ್ಲಿದ್ದ ಕಲ್ಲನ್ನು ತಾನೇ ತಂದು ಅದರ ಮೇಲಿಟ್ಟಿತು. ಕಲ್ಲು ಬೆಚ್ಚಗಿತ್ತು. ಇನ್ನೇನೂ ಅವನು ಗಮನಿಸಲಿಲ್ಲ.

ಟೀ ಬಂತು. ಭಾವ ನಾಲ್ಕನೆಯ ತುಂಡು ತಿಂದ. ಅಕ್ಕ ಡಾಕ್ಟರಿಗೆ ಫೋನು ಮಾಡಿ, ನಳಿಗೆ ಬೇಡ, ಅಮ್ಮ ತಿಂದಳು, ಎಂದು ಮೂರು ಸಲ ಹೇಳಿದಳು. ಆಮೇಲೆ ಫೋಟೋ ತೆಗೆಯಲು ಬಂದು ಕಲ್ಲನ್ನು ಎತ್ತಿದಳು.

ಹಾಳೆಯೂ ಜೊತೆಗೇ ಎದ್ದುಬಂತು.

"ಇದೇನೋ ಅಂಟಿಕೊಂಡಿದೆ?" ಎಂದು ಹಾಳೆ ಹಿಡಿದು ಜಗ್ಗಿದಳು. ಪರ್ ಎಂದಿತು. ಅವನು ಎದ್ದು, ಅವಳು ತಿರುಗಿಸಿ ನೋಡುವ ಮೊದಲೇ, ಅವಳ ಕೈಯಿಂದ ಕಲ್ಲನ್ನು ಕಿತ್ತುಕೊಂಡ. ಗುಳಿಯನ್ನು ಹೆಬ್ಬೆರಳಿನಿಂದ ಮುಚ್ಚಿದ. ಒಳಗೆ ಓವನ್ನಿನ ಬಿಸಿಗೆ ಕರಗಿದ್ದ ಮೇಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಹರಿದ ಕಾಗದದ ಚೂರಿನ ಮೇಲಿಂದ ಬೆರಳು ಮೆಲ್ಲಗೆ ಇಳಿಯಿತು. ಅಳತೆ ಮಾಡಿಸಿದಂತೆ ಸರಿಯಾಗಿ ಕೂತಿತು.

"ಹಾಳಾಯ್ತು ನೋಡು! ನಂಬರಿರೋ ಜಾಗಾನೇ ಕಿತ್ತು ಹೋಯ್ತು." ಅಕ್ಕ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ತಲಾ ಎಂಬ ಮಾತಿನ ಮುಂದೆ ದುಂಡನೆಯ ಒಂದು ತೂತು. "ಹೋಗಲಿ ಬಿಡು, ಮತ್ತೆ ಬರೀತೀನಿ. ಎಷ್ಟು ಬರೆದಿದ್ದೆ?"

ಭಾವ ಟೀ ಲೋಟ ಕೆಳಗಿಟ್ಟ. ಅಕ್ಕ ಪೆನ್ನು ಹಿಡಿದು ಕಾದಳು. ಕಲ್ಲಿನೊಳಗೆ ಹೆಬ್ಬೆರಳು ಬಿಗಿಯುತ್ತಾ ಬಂತು.

"ಎಷ್ಟೋ?"

ಹಾಳೆಯ ತೂತಿನ ಆಚೆ, ಕಿಟಕಿಯ ಬಳಿ, ಅಮ್ಮ ಇನ್ನೊಂದು ತುಂಡಿಗಾಗಿ ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿದ್ದಳು. ತೂತು ಎಷ್ಟಿತ್ತೋ ಬಾಯಿಯೂ ಅಷ್ಟೇ ಕಾಣುತ್ತಿತ್ತು. ಒಳಗೆ ಕಪ್ಪಗಿತ್ತು.